ತೇರ್ಸಿನ ಹೊತ್ತಿಗೆ ನಿಲ್ಲುವ ನೆಟ್

“ಕಾಟಿಪಳ್ಳದವಳಿಗೆ ಎಂತ ಕೊಂಬು ಉಂಟಾ, ಹೇಳಿ ವಾರಿಜಕ್ಕ? ಅವಳೂ ಅಜ್ಜಿ, ನಾನೂ ಅಜ್ಜಿ. ಅವಳಿಗೆ ಮಗನ ಮಗಳು, ನನಗೆ ಮಗಳ ಮಗಳು, ಮಗು ಒಂದೇ ಅಲ್ಲವಾ? ಅವಳ ಫೋನಿನಲ್ಲಿ ಟಾನ್ಯಾ ಹಲ್ಲು ಬಿದ್ದ ಜಾಗವನ್ನೂ ತೋರಿಸ್ತಾಳಂತೆ. ನನ್ನದರಲ್ಲಿ ಎಂತ ಕಾಣ್ತದೆ? ಬಾಯಿ ತೆರೆದದ್ದು ತೆರೆದೇ, ಗೋಡೆಗೆ ಹಾಕಿದ ಫೋಟೋದ ಹಾಗೆ. ತೇರ್ಸಿನಲ್ಲಿ ನಾನು ‘ನಮಾನ್ ಮರಿಯೆ’ ಜಪ ಹೇಳಿ ಮುಗಿಸಿದರೆ ಆ ಕಡೆಯ ಉತ್ತರ ಬರುವಾಗ ಮುಂದಿನದ್ದು ಶುರುವಾಗಿರ್ತದೆ. ನಡುವಿನಲ್ಲಿ ಇವರ ಕೆಮ್ಮು. ಇದು ತೇರ್ಸಾ, ಸಂತೆಯಾ? ಕೊನೆಗೆ ಮಗು ಬೆಸಾಂವ್ ಕೇಳುವ ಹೊತ್ತಿಗೆ ಸರಿಯಾಗಿ ಕಟ್. ಎತ್ತಿದ ಕೈ ಎತ್ತಿದ ಹಾಗೆಯೇ ಕೂತಿರ್ತೇನೆ, ನಿಲ್ಲದ ಬಸ್ಸಿಗೆ ಕೈ ತೋರಿಸಿದವಳ ಹಾಗೆ. ಅವಳಿಗೆ ಮಾತ್ರ ದಿನಾ ಸಿಗ್ತದೆ. ಹೇಗೆ ಮಾರಾಯ್ತಿ?”

ಇದು ನಮ್ಮ ಪಕ್ಕದ ಮನೆಯ ನೆಲ್ಲಿಬಾಯಿಯ ಮಾತು. ಬೀಗಿತಿಯ ಹೆಸರನ್ನು ಅವರು ಬಾಯಲ್ಲಿ ತಂದದ್ದನ್ನು ನಾನು ಕೇಳಿಲ್ಲ. ಯಾವಾಗಲೂ ‘ಕಾಟಿಪಳ್ಳದವಳು’.

ನೆಲ್ಲಿಬಾಯಿ ವಾಮಂಜೂರಿಗೆ ಮದುವೆಯಾಗಿ ಬಂದಾಗ ಮನೆಯೆದುರು ಗದ್ದೆಯಿತ್ತು. ಅತ್ತಾವರದ ಆಸ್ಪತ್ರೆಯೊಂದರಲ್ಲಿ ಅವರಿಗೆ ಆಯಾ ಕೆಲಸ. ಅತ್ತೆಯ ಕಟ್ಟಳೆ ಮಾತ್ರ ಒಂದೇ: ಏಳೂವರೆಗೆ ಯೇಸುವಿನ ಪಟದೆದುರು ಮೇಣದ ಬತ್ತಿ ಹಚ್ಚಬೇಕು, ಮನೆಯವರೆಲ್ಲ ಜಪಮಾಲೆ ಹಿಡಿದು ತೇರ್ಸ್ ಹೇಳಬೇಕು. ಬಸ್ಸು ತಡವಾದ ದಿನ ನೆಲ್ಲಿಬಾಯಿ ಚಪ್ಪಲಿ ಕೈಯಲ್ಲಿ ಹಿಡಿದು ಗದ್ದೆಯ ಹುಣಿಯ ಮೇಲೆ ಓಡಿ ಬರುವುದನ್ನು ನಾನು ನಮ್ಮ ಜಗಲಿಯಿಂದ ಕಂಡಿದ್ದೇನೆ. ಅಷ್ಟು ಓಡಿ ಕಾಪಾಡಿಕೊಂಡ ಹೊತ್ತು ಅದು. ಪ್ರಾರ್ಥನೆ ಮುಗಿದ ಮೇಲೆ ಕಿರಿಯರು ಕೈಮುಗಿದು ಹಿರಿಯರ ಹತ್ತಿರ ಬೆಸಾಂವ್ ಕೇಳುತ್ತಾರೆ. ನಮ್ಮ ಆಶೀರ್ವಾದವೇ ಅವರ ಬೆಸಾಂವ್. ಸೊಸೆಯಾಗಿ ಅವರು ಎಷ್ಟೋ ವರ್ಷ ಕೇಳಿದರು. ಈಗ ಕೊಡುವ ಸರದಿ.

ಕೊಡಬೇಕಾದ ಮೊಮ್ಮಗಳು ದೋಹಾದಲ್ಲಿದ್ದಾಳೆ. ಮಗಳು ಮೆರ್ಲಿನ್ ಅಲ್ಲಿ ನರ್ಸ್, ಅಳಿಯ ಮೆಲ್ವಿನನೂ ಅಲ್ಲೇ. ಗದ್ದೆ ಹೋಗಿ ಮನೆಗಳೆದ್ದವು, ರಸ್ತೆಯ ಕಂಬಕ್ಕೆ ಫೈಬರ್ ಬಂತು, ನೆಲ್ಲಿಬಾಯಿಯ ತೇರ್ಸಿಗೆ ದೋಹಾದವರೂ ಫೋನಿನಲ್ಲಿ ಸೇರಿದರು. ಆದರೆ ಮಧ್ಯಾಹ್ನ ಚುರುಕಾಗಿರುವ ನೆಟ್ಟಿಗೆ ಸಂಜೆಯಾದರೆ ಜೋಂಪು.

ನಮ್ಮ ಮಾಳಿಗೆಯಲ್ಲಿ ಕಾಲೇಜಿನ ಹುಡುಗರು ಬಾಡಿಗೆಗಿದ್ದಾರೆ. ಅವರೇ ಎಲ್ಲ ಎಳೆದುಕೊಳ್ಳುತ್ತಾರೆ ಎಂದು ನೆಲ್ಲಿಬಾಯಿಗೆ ಸಂಶಯ. “ಒಂದು ದಿನ ನಿಮ್ಮ ವೈಫೈ ಆಫ್ ಮಾಡಿ ನೋಡುವನಾ?” ಎಂದು ಕೇಳಿದರು. ಮಾಡಿದೆ. ಮಾಳಿಗೆಯಿಂದ ಒಬ್ಬೊಬ್ಬನೇ “ಆಂಟಿ, ನೆಟ್ ಇಲ್ಲ” ಎಂದು ಇಳಿದು ಬಂದ. ಆಚೆ ಮನೆಯ ಫೋನಿನಲ್ಲಿ ಟಾನ್ಯಾ ಮಾತ್ರ ಎಂದಿನಂತೆ ಬಾಯಿ ತೆರೆದೇ ನಿಂತಳು.

ಮರುದಿನ ನೆಟ್ ಲೈನಿನ ಅರಾಫತ್ ಬಂದ. ನೆಲ್ಲಿಬಾಯಿ ಅವನಿಗೆ ಚಹಾ ಕೊಡುವ ಮೊದಲೇ, “ಕಾಟಿಪಳ್ಳಕ್ಕೆ ಕೊಟ್ಟ ಹಾಗಿನ ಲೈನೇ ನಮಗೂ ಕೊಡು” ಎಂದರು.

“ಅಲ್ಲಿಯೂ ಇದೇ ಲೈನು, ಬಾಯಿ. ನನ್ನ ಹೆಂಡತಿಯ ಮನೆ ಅಲ್ಲೇ ಅಲ್ಲವಾ,” ಎಂದು ಅರಾಫತ್ ನಕ್ಕ. “ಕಂಬದ ಡಬ್ಬಿಯಿಂದ ನಿಮ್ಮ ಮನೆಗೆ ಬರುವ ವಯರು ನಿಮ್ಮದೇ. ಡಬ್ಬಿಯಿಂದ ಆಚೆಗೆ ಎಲ್ಲರಿಗೂ ಒಂದೇ. ಆದಿತ್ಯವಾರ ಪೂಜೆ ಬಿಟ್ಟ ಮೇಲೆ ನಿಮ್ಮ ಇಗರ್ಜಿಯ ಗೇಟ್ ನೋಡಿ. ಸ್ಕೂಟರ್ ಹೊಸತಾದರೆ ಎಂತ, ಗೇಟಿನಲ್ಲಿ ನಿಲ್ಲಲೇಬೇಕು. ಸಂಜೆ ಎಲ್ಲರೂ ಮನೆಗೆ ಬರ್ತಾರೆ. ಟಿವಿಯೂ ಅದರಲ್ಲೇ, ಕ್ರಿಕೆಟ್ಟೂ ಅದರಲ್ಲೇ. ಅಲ್ಲದೆ ಈ ರಸ್ತೆಯ ಕ್ರಿಸ್ತಾನರು ಪೂರಾ ಏಳೂವರೆಗೆ ಗಲ್ಫಿಗೆ ವೀಡಿಯೋ ಕಾಲ್ ಮಾಡ್ತಾರೆ. ತೇರ್ಸಿಗೆ ತೇರ್ಸೇ ಅಡ್ಡ!”

“ಹಾಗಾದರೆ ಅವಳಿಗೆ ಹೇಗೆ ಸಿಗ್ತದೆ?”

“ಅದನ್ನು ನಿಮ್ಮ ಮಗಳ ಹತ್ತಿರ ಕೇಳಿ,” ಎಂದು ಅರಾಫತ್ ಚಹಾ ಮುಗಿಸಿ ಎದ್ದ. ಅವನು ಹೋದ ಕೂಡಲೇ ನೆಲ್ಲಿಬಾಯಿ ಮಗಳಿಗೆ ಫೋನ್ ಮಾಡಿದರು. ನಾನೂ ಅಲ್ಲೇ ಇದ್ದೆ.

“ಮೆಲ್ವಿನನ ಅಮ್ಮ ಬೆಳಿಗ್ಗೆ ಮಾಡುವುದಲ್ಲವಾ ಮಮ್ಮಿ,” ಎಂದಳು ಮೆರ್ಲಿನ್. “ಟಾನ್ಯಾ ಶಾಲೆಗೆ ಹೊರಡುವ ಮೊದಲು. ಆಗ ನೆಟ್ ಫ್ರೀ.”

ನೆಲ್ಲಿಬಾಯಿಯ ಮುಖ ಸಣ್ಣದಾಯಿತು. ಕಾಟಿಪಳ್ಳದ ಲೈನು ಒಳ್ಳೆಯದೆಂದಾಗಿದ್ದರೆ ಕಂಪೆನಿಯನ್ನು ಬೈಯಬಹುದಿತ್ತು. ಇದು ಬೀಗಿತಿಯ ಜಾಣತನ. “ನಾನು ನಿಯಮ ಹಿಡಿದು ಕೂತೆ, ಅವಳು ಹೊತ್ತು ಹಿಡಿದಳು,” ಎಂದು ಫೋನ್ ಕೆಳಗಿಟ್ಟರು. ಬೆಳಗ್ಗಿನ ಆ ಚೂರು ಹೊತ್ತು ಆಗಲೇ ಇನ್ನೊಬ್ಬಳದಾಗಿತ್ತು. ಕೇಳಿ ಪಡೆಯುವುದು ಅವರ ಜಾಯಮಾನವಲ್ಲ.

ಮೂರನೆಯ ದಿನ ನೆಲ್ಲಿಬಾಯಿ ನಮ್ಮ ಜಗಲಿಗೆ ಬಂದು, “ಟಾನ್ಯಾ ಶಾಲೆಯಿಂದ ಬಂದು ಉಣ್ಣುವಾಗ ಇಲ್ಲಿ ನಾಲ್ಕೂವರೆ,” ಎಂದರು.

ಗಂಡ ಜಾರ್ಜ್ ಪೊರ್ಬುಗಳು ಒಪ್ಪಲಿಲ್ಲ. “ತೇರ್ಸ್ ಇಲ್ಲದೆ ಬೆಸಾಂವಾ? ಅಮ್ಮ ಇದ್ದಿದ್ದರೆ?”

“ನಿಮ್ಮ ಅಮ್ಮನ ಮೊಮ್ಮಕ್ಕಳು ಅವರ ಮಡಿಲಲ್ಲೇ ಇದ್ದರು,” ಎಂದರು ನೆಲ್ಲಿಬಾಯಿ. ಪೊರ್ಬುಗಳು ಪೇಪರ್ ಬಿಡಿಸಿದರು.

ಈಗ ಏಳೂವರೆಯ ತೇರ್ಸ್ ಮೊದಲಿನಂತೆಯೇ ನಡೆಯುತ್ತದೆ, ದೋಹಾ ಸಿಕ್ಕಷ್ಟು ಸಿಗುತ್ತದೆ. ಬೆಸಾಂವ್ ಮಾತ್ರ ನಾಲ್ಕೂವರೆಗೆ. “ಬೆಳಿಗ್ಗೆ ಅವಳಿಗೆ ಸಿಗುವುದು ನಿದ್ದೆ ಇಳಿಯದ ಮುಖ. ಶಾಲೆಯ ಸುದ್ದಿ ಪೂರಾ ನನಗೆ,” ಎಂದು ನೆಲ್ಲಿಬಾಯಿ ನನ್ನೆದುರು ಎರಡು ಸಲ ಹೇಳಿದ್ದಾರೆ.

ನಿನ್ನೆ ನಾನು ಕರಿಬೇವಿಗೆ ಹೋದಾಗ ಅವರು ಹಿಂದಿನ ಜಗಲಿಯಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಫೋನು ನೀರಿನ ಚೊಂಬಿಗೆ ಒರಗಿತ್ತು. ಟಾನ್ಯಾ ಕೈಮುಗಿದು ಬೆಸಾಂವ್ ಕೇಳಿದಳು. ನೆಲ್ಲಿಬಾಯಿ ಕೈ ಒರೆಸಿ, ಎತ್ತಿ, ಅವಸರವಿಲ್ಲದೆ ಕೊಟ್ಟರು. ಮಗು ತಲೆ ತಗ್ಗಿಸಿದ್ದೂ ಎತ್ತಿದ್ದೂ ಕಂಡಿತು.

“ಮಾಂಯ್,” ಎಂದು ಅಜ್ಜಿಯನ್ನು ಕರೆದಳು ಟಾನ್ಯಾ, “ನೀವು ದಿನಾ ಎಷ್ಟು ಹೊತ್ತಿಗೆ ಫೋನ್ ಮಾಡುವುದು ಅಂತ ಕಾಟಿಪಳ್ಳದ ಮಾಂಯ್ ಕೇಳಿದರು.”

ನೆಲ್ಲಿಬಾಯಿ ನನ್ನನ್ನು ನೋಡಿದರು. ಅಷ್ಟು ಸಂತೋಷದ ಮುಖ ನಾನು ಮೆರ್ಲಿನಳ ಮದುವೆಯಲ್ಲೂ ಕಂಡಿರಲಿಲ್ಲ.

“ತೇರ್ಸಿನ ಹೊತ್ತಿಗೆ ಅಂತ ಹೇಳು ಪುಟ್ಟಾ. ಏಳೂವರೆಗೆ.” ಮತ್ತೆ ನನ್ನ ಕಡೆ ತಿರುಗಿ, “ಸುಳ್ಳಲ್ಲ ವಾರಿಜಕ್ಕ. ಆಗಲೂ ಮಾಡ್ತೇವಲ್ಲ,” ಎಂದು ಕಾಯಿಯ ಇನ್ನೊಂದು ಹೋಳು ಎತ್ತಿಕೊಂಡು ತುರಿಯತೊಡಗಿದರು.