ಕ್ಯಾಮೆರಾಗೆ ಮಾಡಿದ ಪೂಜೆ

ತಂಗಿಯ ಕ್ಯಾಮೆರಾ ಹೇಗೆ ಕೆಟ್ಟಿತು ಎಂಬುದನ್ನು ನಾನು ಅವಳಿಗೆ ಹನ್ನೆರಡು ವರ್ಷ ಹೇಳಲಿಲ್ಲ. ಸಂದರ್ಭ ಸಿಗಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಪ್ರತಿ ವರ್ಷ ಆಯುಧಪೂಜೆಗೆ ನಮ್ಮ ಮನೆಯಲ್ಲಿ ಯಾರಾದರೊಬ್ಬರು ಆ ಮಾತು ಎತ್ತುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದೆ. ಕೊನೆಗೆ ಒಬ್ಬರು ನನ್ನ ಕಡೆ ತೋರಿಸಿ, "ಆರನೇ ಕ್ಲಾಸಿಗೆ ಶಾಲೆ ಬಿಟ್ಟೋಳು, ಪಾಪ, ಅವಳಿಗೇನು ಗೊತ್ತು" ಅನ್ನುತ್ತಿದ್ದರು. ಆ ಮಾತು ನನ್ನನ್ನು ಚುಚ್ಚುತ್ತಿತ್ತು. ಆದರೆ ಅಡಗಿಕೊಳ್ಳಲು ನನಗಿದ್ದ ಜಾಗವೂ ಅದೇ.

ನಮ್ಮದು ದೊಡ್ಡಬಳ್ಳಾಪುರ. ಬೀದಿಯಲ್ಲಿ ನಾಲ್ಕು ಮನೆಗೊಂದು ಮಗ್ಗದ ಶೆಡ್ಡು. ಅಪ್ಪನ ಬಲಗೈ ಮಗ್ಗದ ಬೆಲ್ಟಿಗೆ ಸಿಕ್ಕಿದ ವರ್ಷ ನಾನು ಶಾಲೆ ಬಿಟ್ಟು ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತಲು ಕುಳಿತೆ. ಹದಿನೆಂಟಕ್ಕೆ ಮಗ್ಗಕ್ಕೆ ನಿಂತೆ. ಕೊಟ್ಟಿದ್ದು ಸೋದರಮಾವನಿಗೇ ಆದ್ದರಿಂದ ಮದುವೆಯಾದ ಮೇಲೂ ಅದೇ ಬೀದಿ, ಅದೇ ಅಮ್ಮನ ಮನೆ, ಅದೇ ಮಗ್ಗ. ತಂಗಿ ನನಗಿಂತ ಏಳು ವರ್ಷ ಚಿಕ್ಕವಳು. ಅವಳು ಪಿಯುಸಿ ಮುಗಿಸಿದಳು. ದೇವನಹಳ್ಳಿ ಹತ್ತಿರ ವಿಮಾನ ನಿಲ್ದಾಣ ಶುರುವಾದಾಗ, ವಿಮಾನದೊಳಗೆ ಕೊಡುವ ಊಟವನ್ನು ತಟ್ಟೆಗೆ ಜೋಡಿಸುವ ಕೆಲಸಕ್ಕೆ ಸೇರಿದಳು. ಊಟ ಕೆಡಬಾರದೆಂದು ಇಡೀ ಕೋಣೆಯನ್ನು ಐಸಿನ ಹಾಗೆ ಇಟ್ಟಿರುತ್ತಿದ್ದರಂತೆ. ಬೇಸಗೆಯಲ್ಲೂ ಅವಳು ಸ್ವೆಟರ್ ಹಿಡಿದೇ ಕಂಪನಿಯ ವ್ಯಾನು ಹತ್ತುತ್ತಿದ್ದಳು.

ಅಲ್ಲಿ ಯಾರೋ ಕೆಲಸ ಬಿಟ್ಟು ಹೋಗುವ ದಿನ ಎಲ್ಲರೂ ಸಾಲಾಗಿ ನಿಂತು, ಇವಳ ಕೈಗೆ ಕ್ಯಾಮೆರಾ ಕೊಟ್ಟು ಫೋಟೋ ತೆಗೆಸಿಕೊಂಡರು. ಒಬ್ಬರ ತಲೆಯೂ ತುಂಡಾಗದೆ ನೇರವಾಗಿ ಬಂತು. ಅವತ್ತಿನಿಂದ ಅವಳಿಗೆ ಅದೇ ಗುಂಗು. ಐದಾರು ತಿಂಗಳ ಮೇಲೆ ಒಂದು ಭಾನುವಾರ, "ಅಕ್ಕಾ, ಬೆಂಗ್ಳೂರಿಗೆ ಹೋಗ್ಬರೋಣ ಬಾ. ಒಬ್ಳೇ ಹೋದ್ರೆ ಅವ್ನು ಕೊಟ್ಟಿದ್ದೇ ತಗೊಂಡ್ಬಂದ್ಬಿಡ್ತೀನಿ" ಎಂದಳು.

ಅಂಗಡಿಯವನು ಗಾಜಿನ ಮೇಲೆ ಮೂರು ಕ್ಯಾಮೆರಾ ಇಟ್ಟ. ಮೂರೂ ಅಂಗೈಯಗಲ.

"ಇದು ಹತ್ತು ಮೆಗಾಪಿಕ್ಸೆಲ್, ಇದು ಹನ್ನೆರಡು, ಇದೂ ಹನ್ನೆರಡು."

"ಜಾಸ್ತಿ ಇದ್ರೆ ಚೆನ್ನಾಗಿ ಬರತ್ತಾ ಸಾರ್?" ಅಂದಳು ತಂಗಿ.

"ರೋಡಲ್ಲಿ ಬ್ಯಾನರ್ ಕಟ್ಟುಸ್ತೀರೇನಮ್ಮ? ಇಲ್ಲ ತಾನೆ? ಹತ್ತೇ ಬೇಕಾದಷ್ಟಾಯ್ತು. ಜೂಮ್ ನೋಡಿ ತಗೊಳ್ಳಿ. ಈ ಕೊಳವೆ ಮುಂದಕ್ಕೆ ಬಂದು ಹತ್ರ ಮಾಡತ್ತಲ್ಲ, ಅದು ನಿಜವಾದ ಜೂಮು. ಆಮೇಲೆ ಒಳಗೊಳಗೇ ದೊಡ್ಡದು ಮಾಡತ್ತಲ್ಲ, ಅದು ಬರೀ ಮಂಜು."

ತಂಗಿ ಮೂರನ್ನೂ ಎತ್ತಿ ಎತ್ತಿ ಇಟ್ಟಳು. ನನಗೆ ಆ ಲೆಕ್ಕವೆಲ್ಲ ತಿಳಿಯಲಿಲ್ಲ. ನಾನು ಉಟ್ಟಿದ್ದ ಸೀರೆಯ ಹಾಸಿನ ಉದ್ದೆಳೆ ಕೆಂಪು, ಹೊಕ್ಕಿನ ಅಡ್ಡೆಳೆ ನೀಲಿ. ಬೆಳಕಿಗೆ ತಿರುಗಿಸಿದರೆ ಒಮ್ಮೆ ಅದು, ಒಮ್ಮೆ ಇದು ಕಾಣುತ್ತದೆ. "ನನ್ನ ಸೆರಗನ್ನ ಮೂರರಲ್ಲೂ ಒಂದೊಂದು ತೆಗಿ" ಎಂದೆ. ಹಿಂದಿನ ಪುಟ್ಟ ಪರದೆಯಲ್ಲಿ ನೋಡಿದರೆ ಹನ್ನೆರಡರ ಒಂದರಲ್ಲಿ ಸೀರೆ ಇಟ್ಟಿಗೆ ಬಣ್ಣ, ಇನ್ನೊಂದರಲ್ಲಿ ಬದನೆಕಾಯಿ. ಹತ್ತು ಮೆಗಾಪಿಕ್ಸೆಲಿನದರಲ್ಲಿ ಮಾತ್ರ ಮಡಿಕೆಯ ಒಂದು ಬದಿ ಕೆಂಪು, ಇನ್ನೊಂದು ಬದಿ ನೀಲಿ.

"ಇದೇ ತಗೋ" ಎಂದೆ.

"ಅಕ್ಕಾವ್ರಿಗೆ ಕಣ್ಣೈತೆ ಕಣ್ರೀ" ಎಂದ ಅಂಗಡಿಯವನು. ಆ ಮಾತನ್ನು ನಾನು ಬಸ್ಸಿನುದ್ದಕ್ಕೂ ಮೆಲುಕು ಹಾಕಿದೆ.

ಕೊಡುವ ಮುಂಚೆ ಅವನು ಇನ್ನೊಂದು ಮಾತು ಹೇಳಿದ. "ಮುಂದಿನ ಗಾಜಿಗೆ ಬೆರಳು, ನೀರು, ಎಣ್ಣೆ ಏನೂ ಸೋಕ್ಬಾರ್ದು. ಈ ಕೊಳವೆ ಸಂದಿಗೆ ಒಂದ್ ಕಣ ಮರಳು ಹೋದ್ರೂ ಸಿಕ್ಕಾಕೊಂಡ್ಬಿಡತ್ತೆ." ಹೇಳಿದ್ದು ತಂಗಿಯ ಮುಖ ನೋಡಿಕೊಂಡು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ.

ಮೊದಲ ವಾರದ ಫೋಟೋಗಳನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಅಮ್ಮ ಯಾವ ಫೋಟೋದಲ್ಲೂ ಕಣ್ಣು ಬಿಟ್ಟಿರಲಿಲ್ಲ. ಅಪ್ಪನಿಗಿಂತ ಹಿಂದಿನ ಕ್ಯಾಲೆಂಡರು ಸ್ಪಷ್ಟವಾಗಿತ್ತು. ಒಂದರ ಅರ್ಧಭಾಗ ತಂಗಿಯ ಬೆರಳು. ಆದರೆ ಅವಳು ಬಿಡಲಿಲ್ಲ. ಗುಂಡಿಯನ್ನು ಅರ್ಧ ಒತ್ತಿ ನಿಲ್ಲಿಸಿದರೆ ಪರದೆಯಲ್ಲಿ ಹಸಿರು ಚೌಕ ಮೂಡುತ್ತದೆ, ಆ ಚೌಕ ಎಲ್ಲಿ ಕೂರುತ್ತದೋ ಅಲ್ಲಿ ಮಾತ್ರ ಚಿತ್ರ ಸ್ಪಷ್ಟ ಎಂಬುದನ್ನು ತಾನೇ ಕಂಡುಕೊಂಡಳು. ಹತ್ತಿರದ ವಸ್ತುವಿಗೆ ಹೂವಿನ ಗುರುತು, ಟ್ಯೂಬ್‌ಲೈಟಿಗೆ ಅದರದೇ ಗುರುತು. ಮೊಣಕೈಯನ್ನು ಗೋಡೆಗೆ ಒತ್ತಿ, ಉಸಿರು ಹಿಡಿದು ತೆಗೆಯುತ್ತಿದ್ದಳು.

ನನಗೂ ಕಲಿಸಿದಳು. "ಅಕ್ಕಾ, ಮಗ್ಗದ ಸ್ವಿಚ್ ಒತ್ತಿದಂಗೆ ಒತ್ತಬ್ಯಾಡ. ಮೆಲ್ಲಗೆ. ಅರ್ಧಕ್ಕೆ ನಿಲ್ಸು." ನನ್ನ ಬೆರಳು ಅರ್ಧಕ್ಕೆ ನಿಲ್ಲಲೇ ಇಲ್ಲ. ತೆಗೆದದ್ದೆಲ್ಲ ಅಲುಗಿತು. ಅವಳು ತಾಳ್ಮೆಯಿಂದ ಮತ್ತೆ ಕೊಟ್ಟಳು. ಆ ತಾಳ್ಮೆಯೇ ನನಗೆ ಸೇರಲಿಲ್ಲ. ಅ ಆ ಇ ಈ ಬರೆಯಲು ಅವಳ ಕೈ ಹಿಡಿದು ತಿದ್ದಿಸಿದವಳು ನಾನು. "ನಂಗೆ ಕೆಲ್ಸ ಐತೆ" ಅಂತ ಎರಡೇ ದಿನಕ್ಕೆ ಎದ್ದುಬಿಟ್ಟೆ.

ಒಂದು ದಿನ ಅವಳು ಶೆಡ್ಡಿಗೆ ಬಂದು ನನ್ನ ಮಗ್ಗದಿಂದ ಆಗಷ್ಟೇ ಇಳಿಸಿದ ಸೀರೆಯ ಫೋಟೋ ತೆಗೆದಳು. ಫ್ಲಾಶಿನ ಬೆಳಕಿಗೆ ಜರಿಯೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. "ಅದನ್ನ ಆರ್ಸು, ಬಾಗ್ಲ ಬೆಳಕಿಗೆ ಹಿಡಿ, ಅಂಚು ಸ್ವಲ್ಪ ಓರೆ ಮಾಡು" ಎಂದೆ. ಹಾಗೇ ಮಾಡಿದಳು. ಜರಿ ಜರಿಯಾಗಿ, ರೇಷ್ಮೆ ರೇಷ್ಮೆಯಾಗಿ ಬಂತು.

ಶೆಡ್ಡಿನ ಮಾಲೀಕರು ಕನ್ನಡಕ ಮೇಲೇರಿಸಿ ಪರದೆ ನೋಡಿದರು. "ಅಬ್ಬಬ್ಬಾ, ಏನ್ ತೆಗ್ದಿದ್ದೀಯಮ್ಮಾ! ಸೀರೆ ಮಾತಾಡ್ತೈತಲ್ಲಾ!"

ಆ ಸೀರೆಯ ಸೆರಗಿನಲ್ಲಿ ಎಳೆ ತುಂಡಾದಾಗ ಮಗ್ಗ ನಿಲ್ಲಿಸಿ, ಕೂದಲಿನಂಥ ಎಳೆಗಳನ್ನು ಒಂದೊಂದಾಗಿ ಹುಡುಕಿ ಗಂಟು ಹಾಕಿದವಳು ನಾನು. ಅವರು ಸೀರೆಯ ಕಡೆ ತಿರುಗಿಯೂ ನೋಡಲಿಲ್ಲ. ಅದು ಅವರ ಮುಂದೆಯೇ ಹಲಗೆಯ ಮೇಲೆ ಇತ್ತು. ಅಂದಿನಿಂದ ನನ್ನ ತಂಗಿ ಅವರ ಬಾಯಲ್ಲಿ "ಫೋಟೋ ಮೇಡಂ". ನಾನು ಹದಿನಾಲ್ಕು ವರ್ಷದಿಂದ "ಮೂರನೇ ಮಗ್ಗದೋಳು".

ಹೊಟ್ಟೆಕಿಚ್ಚು ಒಂದೇ ಸಲ ಹತ್ತಿಕೊಳ್ಳುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ಅಮ್ಮ ಮೊದಲ ರೊಟ್ಟಿ ಯಾರ ತಟ್ಟೆಗೆ ಹಾಕಿದಳು ಎಂದು ನೋಡತೊಡಗಿದೆ. ನೆಂಟರು ಬಂದರೆ "ಕ್ಯಾಮೆರಾ ತಗೊಂಡ್ ಬಾರಮ್ಮ" ಅನ್ನುವವರೆಗೂ ಒಳಗೊಳಗೇ ಕಾಯುತ್ತಿದ್ದೆ. ಅಂದ ಕೂಡಲೇ ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ. ಪಕ್ಕದ ಬೀದಿಯ ಸೀಮಂತಕ್ಕೆ ಅವಳನ್ನು ಕರೆದರು. ನನ್ನನ್ನೂ ಕರೆದಿದ್ದರು, ಆದರೆ ಮಣೆ ಹಾಕಿದ್ದು ಅವಳಿಗೆ. ಆರಿಸಿದ್ದು ನಾನು, ಬಣ್ಣ ಹೇಳಿಕೊಟ್ಟಿದ್ದು ನಾನು, ನೇಯ್ದದ್ದು ನಾನು. ಹೆಸರು ಮಾತ್ರ ಅವಳದು. ಇದನ್ನು ಒಂದು ಸಲವೂ ಅವಳ ಮುಂದೆ ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅವಳು ಅಲ್ಲೇ ಒಪ್ಪಿಕೊಳ್ಳುತ್ತಿದ್ದಳು, ನನ್ನ ಕಿಚ್ಚಿಗೆ ಕಟ್ಟಿಗೆಯೇ ಉಳಿಯುತ್ತಿರಲಿಲ್ಲ.

ದಸರೆ ಹತ್ತಿರವಾದಾಗ ಮಾಲೀಕರು ಮನೆಗೇ ಬಂದರು. ಚೆನ್ನೈನ ವ್ಯಾಪಾರಿಯೊಬ್ಬರು ಹೊಸ ಸೀರೆಗಳ ಫೋಟೋವನ್ನು ಕಂಪ್ಯೂಟರಿನಲ್ಲಿ ಕಳಿಸಿ ಎಂದಿದ್ದರಂತೆ. ವಿಜಯದಶಮಿಯ ದಿನ ಹನ್ನೆರಡು ಸೀರೆ ತೆಗೆಯಬೇಕು. ಅವರಿಗೆ ಒಪ್ಪಿಗೆಯಾದರೆ ಇನ್ನು ಮೇಲೆ ನಮ್ಮ ಶೆಡ್ಡಿನದ್ದಷ್ಟೇ ಅಲ್ಲ, ಇನ್ನೆರಡು ಶೆಡ್ಡಿನ ಫೋಟೋ ಕೆಲಸವೂ ತಂಗಿಯದೇ. ಆಫೀಸಿನಲ್ಲಿ ಒಂದು ಮೇಜು ಹಾಕಿಸಿಕೊಡುತ್ತೇನೆ ಎಂದರು.

ಅವರು ಹೋದ ಮೇಲೆ ತಂಗಿ ತನ್ನ ಕೈಯನ್ನು ನನ್ನ ಮುಂದೆ ಚಾಚಿದಳು. ಬೆರಳ ಸಂದಿಗಳು ಬಿರಿದು ಕೆಂಪಗಾಗಿದ್ದವು. "ನೋಡಕ್ಕಾ, ಇದಾದ್ರೆ ಆ ಐಸ್ ರೂಮ್ ಬಿಟ್ಬಿಡ್ತೀನಿ. ಇಬ್ರೂ ಒಂದೇ ಕಡೆ ಇರ್ಬೋದು. ಬುತ್ತಿ ಒಂದೇ ಡಬ್ಬೀಲಿ ಕಟ್ಕೊಂಡು ಹೋಗೋಣ."

"ಹೂಂ" ಎಂದೆ. ನನ್ನ ಕಣ್ಣಿಗೆ ಕಂಡದ್ದು ಬುತ್ತಿಯಲ್ಲ. ಅವಳು ಫ್ಯಾನಿನ ಕೆಳಗೆ ಮೇಜಿನ ಮುಂದೆ ಕೂತಿರುವುದು, ನಾನು ಗಾಜಿನಾಚೆ ಮೂರನೇ ಮಗ್ಗದಲ್ಲಿ ನಿಂತಿರುವುದು.

ಆಯುಧಪೂಜೆಯ ದಿನ ನಮ್ಮೂರಲ್ಲಿ ಮಗ್ಗಗಳು ಮಾತು ನಿಲ್ಲಿಸುತ್ತವೆ. ಎಣ್ಣೆ ಜಿಡ್ಡು ಒರೆಸಿ, ವಿಭೂತಿ ಪಟ್ಟೆ ಎಳೆದು, ಗಂಧ ಕುಂಕುಮ ಇಡುತ್ತೇವೆ. ಮನೆಯಲ್ಲೂ ಕತ್ತರಿ, ಈಳಿಗೆಮಣೆ, ಸೈಕಲ್ಲು, ಕೈಗೆ ಅನ್ನ ಕೊಡುವ ಎಲ್ಲದಕ್ಕೂ ಪೂಜೆ. ನಮ್ಮಮ್ಮ ಆ ಕೆಲಸವನ್ನು ನನಗೆ ಬಿಟ್ಟಿದ್ದಳು. ವಿಮಾನಗಳಿಗೆ ಹಬ್ಬವಿಲ್ಲವಲ್ಲ, ತಂಗಿಗೆ ಬೆಳಗಿನ ಪಾಳಿ. ಹೊರಡುವಾಗ ಕ್ಯಾಮೆರಾವನ್ನು ಮಣೆಯ ಮೇಲೆ ಕತ್ತರಿಯ ಪಕ್ಕ ಇಟ್ಟು, "ಅಕ್ಕಾ, ಇದಕ್ಕೂ ಮಾಡ್ಬಿಡು. ನಾಳೆ ಅದ್ರ ಪರೀಕ್ಷೆ ಐತೆ" ಅಂತ ನಕ್ಕು ಓಡಿದಳು.

ಅಮ್ಮ ಹಿತ್ತಲಲ್ಲಿದ್ದಳು. ಮನೆಯವರು ಶೆಡ್ಡಿನ ಪೂಜೆಗೆ ಹೋಗಿದ್ದರು. ನಾನು ಎಲ್ಲದಕ್ಕೂ ಕುಂಕುಮ ಇಟ್ಟು ಕೊನೆಗೆ ಕ್ಯಾಮೆರಾ ಎತ್ತಿಕೊಂಡೆ. ನೆತ್ತಿಯ ಮೇಲೆ ಒಂದು ಬೊಟ್ಟು ಇಟ್ಟಿದ್ದರೆ ಸಾಕಾಗಿತ್ತು. ಗುಂಡಿ ಒತ್ತಿದೆ. ಆಮೆಯ ತಲೆಯ ಹಾಗೆ ಕೊಳವೆ ಹೊರಬಂತು. ತೇದ ಗಂಧವನ್ನು ಇನ್ನಷ್ಟು ನೀರು ಮಾಡಿಕೊಂಡು ಕೊಳವೆಯ ಸುತ್ತ, ಸಂದಿಗೆ ಇಳಿಯುವ ಹಾಗೆ, ಬಳಿದೆ. ನಡುವಿನ ಗಾಜಿಗೆ ಕುಂಕುಮ ಒತ್ತಿದೆ. ಆಮೇಲೆ ಗುಂಡಿ ಒತ್ತಿದರೆ ಕೊಳವೆ ಕಿರುಗುಟ್ಟುತ್ತಾ ಅರ್ಧ ಒಳಗೆ ಹೋಗಿ ನಿಂತಿತು. ಅದಕ್ಕೆ ಹೂ ಏರಿಸಿದೆ. ಆರತಿಯನ್ನೂ ಎತ್ತಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಮಧ್ಯಾಹ್ನ ಅವಳು ಬಂದಳು. ಕ್ಯಾಮೆರಾ ಎತ್ತಿ ನೋಡಿದಳು, ಒತ್ತಿದಳು, ಮತ್ತೆ ಒತ್ತಿದಳು. ಸೆರಗಿನ ತುದಿಯಿಂದ ಒರೆಸಿದಳು. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅಮ್ಮ ನನ್ನ ಮೇಲೆ ಹರಿಹಾಯ್ದಳು. "ಏನೇ ಇದು, ಅದ್ರ ಕಣ್ಣಿಗೇ ಹಾಕಿದ್ದೀಯಲ್ಲೇ, ಬುದ್ಧಿ ಐತಾ ನಿಂಗೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ತಂಗಿಯೇ ಅಮ್ಮನನ್ನು ತಡೆದಳು. "ಬಯ್ಯಬ್ಯಾಡಮ್ಮ. ಭಕ್ತಿಯಿಂದ ಮಾಡವ್ಳೆ. ಅವಳಿಗೇನು ಗೊತ್ತು."

ನಾನು ತಲೆ ತಗ್ಗಿಸಿ, ಏನೂ ಅರಿಯದವಳ ಹಾಗೆ, "ಹಂಗೆಲ್ಲಾ ಆಗತ್ತಾ ಅದು?" ಎಂದೆ.

ಮರುದಿನ ಹನ್ನೆರಡು ಸೀರೆಗಳನ್ನು ಪೇಟೆಯ ಸ್ಟುಡಿಯೋದವರು ಬಂದು ತೆಗೆದರು. ಮುಂದೆಯೂ ಅವರೇ ತೆಗೆದರು. ಬೆಂಗಳೂರಿನಲ್ಲಿ ರಿಪೇರಿಯವನು ಕ್ಯಾಮೆರಾ ಬಿಚ್ಚಿ, ಗಂಧ ಒಳಗೆಲ್ಲ ಒಣಗಿ ಕಚ್ಚಿಕೊಂಡಿದೆ, ಹೊಸದನ್ನು ಕೊಳ್ಳುವುದೇ ಮೇಲು ಎಂದನಂತೆ. ಅವಳು ಕೊಳ್ಳಲಿಲ್ಲ. ಮದುವೆಯಾಗುವವರೆಗೆ ಇನ್ನೂ ನಾಲ್ಕು ವರ್ಷ ಸ್ವೆಟರ್ ಹಿಡಿದು ವ್ಯಾನು ಹತ್ತಿದಳು. ಚಳಿಗಾಲದಲ್ಲಿ ಅವಳ ಬೆರಳಿಗೆ ಬೆಣ್ಣೆ ಸವರುತ್ತಿದ್ದವಳು ನಾನೇ. "ನೀನಿಲ್ದಿದ್ರೆ ಯಾರಕ್ಕ ನೋಡೋರು" ಅನ್ನುತ್ತಿದ್ದಳು. ಆಗಲೂ ಹೇಳಲಿಲ್ಲ.

ಹೋದ ಆಯುಧಪೂಜೆಗೆ ಅವಳು ನೆಲಮಂಗಲದಿಂದ ಬಂದಿದ್ದಳು. ಹಿಂದಿನ ದಿನ ಮಧ್ಯಾಹ್ನ ಇಬ್ಬರೂ ಜಗಲಿಯಲ್ಲಿ ಕೂತು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದೆವು. ಕಾಲೇಜಿಗೆ ಹೋಗುವ ನನ್ನ ಮಗಳು ಹೊಸ ಮೊಬೈಲಿನಲ್ಲಿ ಚಿಕ್ಕಮ್ಮನ ಫೋಟೋ ತೆಗೆಯುತ್ತಿದ್ದಳು. ನಾನು ನೋಡಲು ಕೈ ಚಾಚಿದರೆ ಅವಳು ಹಿಂದಕ್ಕೆ ಸರಿದಳು.

"ಅಮ್ಮಂಗೆ ಕೊಡಲ್ಲಪ್ಪ ನಾನು. ಕುಂಕುಮ ಇಟ್ಬಿಡ್ತಾಳೆ. ಇಂಥೋಳನ್ನ ಇಟ್ಕೊಂಡು ಹೆಂಗ್ ಏಗಿದ್ಯೋ ಚಿಕ್ಕಮ್ಮ, ಒಂದಕ್ಷರ ತಿಳಿಯಲ್ಲ!"

ನಾನು ಎಂದಿನಂತೆ ನಗಲು ಸಿದ್ಧಳಾಗಿದ್ದೆ. ತಂಗಿ ನಗಲಿಲ್ಲ.

"ಬಾಯ್ ಮುಚ್ಚೇ. ನಿಮ್ಮಮ್ಮ ಶಾಲೆ ಬಿಟ್ಟಿದ್ದಕ್ಕೆ ನಾನು ಓದಿದ್ದು. ಆ ಕ್ಯಾಮೆರಾ ಆರಿಸ್ದೋಳು ಅವಳು. ಬಣ್ಣ ನೋಡೋದು ಕಲಿಸ್ದೋಳು ಅವಳು. ನಾನು ಬರೀ ಗುಂಡಿ ಒತ್ತಿದೋಳು. ತಿಳ್ಕಾ."

ಯಾರಾದರೂ ಹೇಳಲಿ ಎಂದು ಅಷ್ಟು ವರ್ಷ ಹಸಿದಿದ್ದ ಮಾತು ಅದು. ಅದನ್ನು ಅವಳ ಬಾಯಿಂದ ಕೇಳಿಸಿಕೊಂಡು ಸುಮ್ಮನೆ ಕೂರಲು ನನ್ನಿಂದ ಆಗಲಿಲ್ಲ. ಎದ್ದು ಒಳಗೆ ಹೋಗಿ ನೀರು ಕುಡಿದೆ. ತಿರುಗಿ ಬಂದೆ. ಮಗಳನ್ನು ಆಚೆ ಕಳಿಸಬೇಕು ಅನ್ನಿಸಿತು, ಕಳಿಸಲಿಲ್ಲ. ಇದು ಅವಳ ಮುಂದೆಯೇ ಆಗಲಿ ಎಂದುಕೊಂಡೆ. ತಂಗಿ ತಲೆ ಎತ್ತಿ, "ಯಾಕಕ್ಕಾ, ಮುಖ ಹಿಂಗ್ಯಾಕಾಯ್ತು?" ಎಂದಳು.

"ನಾನು ಪೂಜೆ ಮಾಡ್ಲಿಲ್ಲ ಕಣೇ ಅವತ್ತು" ಎಂದೆ. "ಅಂಗಡಿಯವ್ನು ಹೇಳಿದ್ದು ನಾನೂ ಕೇಳಿಸ್ಕೊಂಡಿದ್ದೆ. ಎಲ್ಲಿ ಬಳಿದ್ರೆ ಕೆಡತ್ತೆ ಅಂತ ತಿಳ್ಕೊಂಡೇ ಬಳಿದೆ. ನಿನ್ನ ಎಲ್ರೂ ಹೊಗಳಿದ್ದು ನಂಗೆ ತಡ್ಕೊಳಕ್ಕಾಗ್ಲಿಲ್ಲ. ನಿನ್ ಕೆಲ್ಸ ತಪ್ಪಿಸ್ದೋಳು ನಾನೇ, ಅಷ್ಟು ವರ್ಷ ಆ ಚಳೀಲಿ ನಿಲ್ಲಿಸ್ದೋಳೂ ನಾನೇ. ಓದಿಲ್ಲ ಅಂತ ಅಲ್ಲ, ಹೊಟ್ಟೆಕಿಚ್ಚಿಗೆ ಮಾಡ್ದೆ. ತಪ್ಪಾಯ್ತು ಕಣೇ. ನಂದು ತಪ್ಪಾಯ್ತು."