ಬನ್ಸ್ ತಿನ್ನದ ಧಣಿ

ಬಾಳೆಹಣ್ಣಿನ ಜೊತೆ ಕಲಸಿಟ್ಟ ಮೈದಾವನ್ನು ಬೆಳಿಗ್ಗೆ ಲಟ್ಟಿಸಿ ಎಣ್ಣೆಗೆ ಬಿಟ್ಟಾಗ, ಬನ್ಸ್ ಒಮ್ಮೆ ಮುಳುಗಿ, ಏನನ್ನೋ ಯೋಚಿಸಿ, ಮತ್ತೆ ಉಬ್ಬಿಕೊಂಡು ಮೇಲೇಳುವ ಚಂದವನ್ನು ನೀವು ನೋಡಿದ್ದೀರಿ ತಾನೆ? ಕೊಡಿಯಾಲ್‌ಬೈಲಿನ ನನ್ನ ಪುಟ್ಟ ಹೋಟೆಲು ನಿಂತದ್ದೇ ಆ ಉಬ್ಬಿನ ಮೇಲೆ. ಭೂಸುಧಾರಣೆಯಲ್ಲಿ ನಮ್ಮ ಗದ್ದೆಗಳೆಲ್ಲ ಒಕ್ಕಲುಗಳ ಪಾಲಾದ ಮೇಲೆ, ಎಪ್ಪತ್ತರ ದಶಕದ ಕೊನೆಯಲ್ಲಿ, ಧಣಿ ಎನಿಸಿಕೊಳ್ಳುವ ಅಭ್ಯಾಸವೊಂದನ್ನೇ ಬಂಡವಾಳವೆಂದು ನಂಬಿ ನಾನು ಮಂಗಳೂರಿಗೆ ಬಂದು ಹೋಟೆಲು ತೆರೆದಿದ್ದೆ.

ಅಂಥ ನನ್ನ ಹೊಟ್ಟೆಯೇ ಒಂದು ದಿನ ಬನ್ಸಿನ ಮೇಲೆ ಮುನಿಸಿಕೊಂಡಿತು. ತಿಂದದ್ದು ಮೈಗೆ ಹತ್ತದು, ಹೊಟ್ಟೆಯೊಳಗೆ ನಿಲ್ಲದು. ಅಂಗಿಯೊಳಗೆ ನಾನು ಇದ್ದೇನೋ ಇಲ್ಲವೋ ಎಂಬ ಅನುಮಾನ ಬರುವಷ್ಟು ಸೊರಗಿದೆ. ಇಂಗ್ಲೆಂಡಿನಲ್ಲಿ ಕಲಿತು ಬಂದ ಡಾಕ್ಟರೊಬ್ಬರು ಪರೀಕ್ಷೆಗಳನ್ನೆಲ್ಲ ಮಾಡಿ, ಊರಿನಲ್ಲಿ ಅದುವರೆಗೆ ಯಾರೂ ಕೇಳದ ಒಂದು ಪದವನ್ನು ಮೇಜಿನ ಮೇಲಿಟ್ಟರು.

“ಗೋಧಿಯಲ್ಲಿ ಗ್ಲೂಟನ್ ಅಂತ ಒಂದು ಅಂಟು ಉಂಟು. ನಿಮ್ಮ ಕರುಳಿಗೆ ಅದು ಆಗುವುದಿಲ್ಲ. ಗೋಧಿ, ಮೈದಾ, ರವೆ, ಒಂದು ಚೂರೂ ಮುಟ್ಟಬೇಡಿ.”

ನೀರುದೋಸೆ, ಪುಂಡಿ, ಕುಚ್ಚಲಕ್ಕಿ ಗಂಜಿ ಎಂದು ಮೂರು ಹೊತ್ತೂ ಅಕ್ಕಿಯನ್ನೇ ತಿನ್ನುವ ನಾಡಿನಲ್ಲಿ ಗೋಧಿ ಬಿಡುವುದೇನು ಮಹಾ ಸಂನ್ಯಾಸವೇ? ಬಿಟ್ಟೆ. ಕೆಲವು ವಾರ ಹೊಟ್ಟೆ ದೇವಸ್ಥಾನದ ಕೆರೆಯಂತೆ ತಣ್ಣಗಿತ್ತು. ಆಮೇಲೆ ಒಂದು ಮಧ್ಯಾಹ್ನ ಹಲಸಿನ ಬೀಜದ ಪಲ್ಯ ಸ್ವಲ್ಪ ಜಾಸ್ತಿಯಾಗಿ ಹೊಟ್ಟೆ ಉಬ್ಬರಿಸಿತು. ನನ್ನ ಹೆಂಡತಿ ವಾರಿಜ, ಹೋಟೆಲಿನ ಅಡುಗೆಮನೆಯ ನಿಜವಾದ ಧಣಿ, ಮಜ್ಜಿಗೆಗೆ ಇಂಗು ಕದಡಿ ಕೊಟ್ಟಳು. ಉಬ್ಬರ ಇಳಿಯಿತು, ಆದರೆ ಮರುದಿನ ಹಳೆಯ ಸಂಕಟವೆಲ್ಲ ನೆಂಟರಂತೆ ಮರಳಿ ಬಂತು. ಅದಕ್ಕೆ ಇನ್ನೊಂದು ಲೋಟ ಇಂಗಿನ ಮಜ್ಜಿಗೆ. ಅದರ ಮರುದಿನ ಇನ್ನೂ ಜೋರು. ಅದಕ್ಕೆ ಇನ್ನೂ ದೊಡ್ಡ ಲೋಟ.

ಸದ್ದಿನ ವಿಷಯ ಹೇಳದೆ ವಿಧಿಯಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಗಾಂಭೀರ್ಯದಿಂದ ಕುಳಿತ ನನ್ನೊಳಗಿನಿಂದ, ಹತ್ತಲಾರದ ಏರಿನಲ್ಲಿ ಗೇರು ಬದಲಿಸುವ ಬಸ್ಸಿನ ಸ್ವರ ಹೊರಡುತ್ತಿತ್ತು. ಒಮ್ಮೆ ಗಿರಾಕಿಯೊಬ್ಬರು, “ಬನ್ಸ್ ಇವತ್ತು ಹೇಗುಂಟು?” ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಹೊಟ್ಟೆ ದೀರ್ಘವಾಗಿ ಉತ್ತರಿಸಿತು. ಅವರು ಬರೀ ಚಾ ಕುಡಿದು ಹೋದರು.

ಊರಿಗೆ ಅಷ್ಟು ಸಾಕಾಯಿತು. ಧಣಿಗಳೇ ತಮ್ಮ ಹೋಟೆಲಿನ ಬನ್ಸ್ ಮುಟ್ಟುವುದಿಲ್ಲವಂತೆ, ಮೊದಲು ತಿಂದದ್ದಕ್ಕೇ ಹೊಟ್ಟೆ ಹಾಗಾದದ್ದಂತೆ, ಮೈದಾದಲ್ಲಿ ಎಂಥದೋ ಉಂಟಂತೆ. ಬುಟ್ಟಿಯಲ್ಲಿ ಬನ್ಸ್ ಸಂಜೆಯವರೆಗೆ ಉಳಿಯತೊಡಗಿದವು. ಉಬ್ಬು ಇಳಿದ ಬನ್ಸಿನಷ್ಟು ದುಃಖದ ವಸ್ತು ಲೋಕದಲ್ಲಿ ಇನ್ನೊಂದಿಲ್ಲ.

ಆ ಮೈದಾ ಕೊಡುತ್ತಿದ್ದವನು ಉಳ್ಳಾಲದ ಮಯ್ಯದ್ದಿ. ಬಂದರಿನಲ್ಲಿ ಅವನ ತಂದೆಯ ಕಾಲದ ದಿನಸಿ ಅಂಗಡಿ; ನನಗೆ ಶಾಲೆಯ ದಿನಗಳಿಂದ ಗೆಳೆಯ. ಒಂದು ದಿನ ಬೆವರೊರೆಸಿಕೊಳ್ಳುತ್ತಾ ಬಂದು ಎದುರು ನಿಂತ.

“ಎಂತ ಮಾರಾಯ ಇದು? ನನ್ನ ಮೈದಾದಲ್ಲಿ ಹುಳ ಉಂಟು ಅಂತ ಬೇರೆ ಹೋಟೆಲಿನವರೂ ಸಾಮಾನು ವಾಪಸ್ ಕಳಿಸ್ತಾ ಇದ್ದಾರೆ.”

“ಹುಳ ಅಲ್ಲ, ಗ್ಲೂಟನ್,” ಎಂದೆ.

“ಅದು ಹುಳಕ್ಕಿಂತ ದೊಡ್ಡದಾ?”

ಏನು ಹೇಳಿದರೂ ಅವನ ಮುಖ ತಿಳಿಯಾಗಲಿಲ್ಲ. “ನಾಳೆ ಆದಿತ್ಯವಾರ. ಎಲ್ಲರ ಎದುರು ಒಂದೇ ಒಂದು ಬನ್ಸ್ ತಿನ್ನು. ಇಲ್ಲದಿದ್ದರೆ ನಾನು ಅಂಗಡಿ ಮುಚ್ಚಬೇಕು,” ಎಂದ. ಕರುಳು ದೊಡ್ಡದೋ ಗೆಳೆತನ ದೊಡ್ಡದೋ ಎಂಬ ತತ್ತ್ವಪ್ರಶ್ನೆ ಇಷ್ಟು ನೇರವಾಗಿ, ಚಟ್ನಿಯ ಸಮೇತ, ಯಾವ ವೇದಾಂತಿಯ ಮುಂದೂ ಬಂದಿರಲಾರದು. ಆಯಿತು ಎಂದೆ.

ಆದಿತ್ಯವಾರ ಹೋಟೆಲು ತುಂಬಿತ್ತು, ತಿನ್ನಲಿಕ್ಕಲ್ಲ, ನೋಡಲಿಕ್ಕೆ. ಆದರೂ ಮರ್ಯಾದೆಗೆಂದು ಪ್ರತಿಯೊಬ್ಬರೂ ಒಂದೊಂದು ಬನ್ಸ್ ಮುಂದಿಟ್ಟುಕೊಂಡು ನನ್ನ ಬಾಯಿಯನ್ನೇ ಕಾಯುತ್ತಿದ್ದರು. ಮಯ್ಯದ್ದಿ ಎದುರಿನ ಬೆಂಚಿನಲ್ಲಿ ಕುಳಿತಿದ್ದ. ನಾನು ತುಂಡು ಮುರಿದು ಬಾಯಿಯ ಹತ್ತಿರ ತಂದೆ.

“ತಿನ್ನಬೇಡಿ!”

ಅಡುಗೆಮನೆಯಿಂದ ವಾರಿಜ ಕೂಗುತ್ತಾ ಓಡಿಬಂದಳು. ಇಡೀ ಹೋಟೆಲು ಬನ್ಸನ್ನು ಒಮ್ಮೆಗೇ ಕೆಳಗಿಟ್ಟಿತು. ಒಬ್ಬರು ಬಾಯಲ್ಲಿದ್ದದ್ದನ್ನೂ ತೆಗೆದು ತಟ್ಟೆಗೆ ಹಾಕಿದರು. ಮಯ್ಯದ್ದಿ ತಲೆಯ ಮೇಲೆ ಕೈಯಿಟ್ಟುಕೊಂಡ.

ವಾರಿಜ ಬಲಗೈಯನ್ನು ಎತ್ತಿ ಹಿಡಿದಳು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. “ನಿಮ್ಮ ಮಜ್ಜಿಗೆಗೆ ಅಂತ ಇಂಗಿನ ತುಂಡು ನೆನೆಹಾಕಿದ್ದೆ. ಕಿವುಚಿದರೆ ಗೋಡೆಗೆ ಪೋಸ್ಟರ್ ಅಂಟಿಸುವ ಮೈದಾ ಗೋಂದಿನ ಹಾಗೆ ಆಗಿದೆ. ಡಾಕ್ಟರು ಹೇಳಿದ ಅಂಟು ಇದೇ. ನಾನು ನಿಮಗೆ ದಿನಾ ಲೋಟಗಟ್ಟಲೆ ಮೈದಾ ಕುಡಿಸ್ತಾ ಇದ್ದೆ!”

ಮಯ್ಯದ್ದಿ ಆ ಬೆರಳನ್ನು ಮೂಸಿ ನೋಡಿದ. “ಇದು ಕೂಡ ನಮ್ಮ ಅಂಗಡಿದೇ. ಇಂಗಿಗೆ ಮೈದಾ ಸೇರಿಸಿಯೇ ಕಟ್ಟುವುದು ಮಾರಾಯ, ಬರೀ ಇಂಗನ್ನು ಯಾರಿಗೆ ತಡೆದುಕೊಳ್ಳಲಿಕ್ಕೆ ಆಗ್ತದೆ? ನೀನು ಅದನ್ನು ಪಾಯಸದ ಹಾಗೆ ಕುಡಿತೀ ಅಂತ ನನಗೇನು ಗೊತ್ತು!”

ಸ್ನೇಹಿತರೇ, ಬನ್ಸ್ ಎದುರಿನ ಬಾಗಿಲಿನಿಂದ ಬರುವ ಅತಿಥಿ, ಅದನ್ನು ತಡೆಯಬಹುದು. ಮದ್ದಿನ ವೇಷದಲ್ಲಿ ಹಿತ್ತಿಲಿನಿಂದ ಬಂದದ್ದಕ್ಕೆ ನಾವೇ ಮಣೆ ಹಾಕುತ್ತೇವೆ, ಉಪದ್ರವ ಹೆಚ್ಚಿದಷ್ಟೂ ಉಪಚಾರವನ್ನೂ ಹೆಚ್ಚಿಸುತ್ತೇವೆ. ಆದರೆ ಆ ಹೊತ್ತಿನಲ್ಲಿ ಇಂಥ ವಿವೇಕವೇನೂ ನನಗೆ ಹೊಳೆಯಲಿಲ್ಲ. ನಾನು ಮಾಡಿದ್ದು, ಕೈಯಲ್ಲಿದ್ದ ತುಂಡನ್ನು ಮಯ್ಯದ್ದಿಗೆ ಕೊಟ್ಟದ್ದು. ಅವನು ಅದನ್ನು ತಿಂದ, ನನ್ನ ತಟ್ಟೆಯದನ್ನು ಮುಗಿಸಿದ, ಪಕ್ಕದ ಮೇಜಿನವರು ಕೆಳಗಿಟ್ಟದ್ದನ್ನೂ ಕೇಳಿ ಪಡೆದು ತಿಂದ. ತಮ್ಮ ತಟ್ಟೆಯೂ ಖಾಲಿಯಾದೀತೆಂಬ ಹೆದರಿಕೆಗೆ ಉಳಿದವರೆಲ್ಲ ತಿನ್ನತೊಡಗಿದರು.

ಇಂಗು ಬಿಟ್ಟ ಮೇಲೆ ನನ್ನ ಹೊಟ್ಟೆ ಮೌನವ್ರತ ಹಿಡಿಯಿತು, ಅಂಗಿ ಮತ್ತೆ ತುಂಬಿತು. ಮಯ್ಯದ್ದಿಯ ಅಂಗಡಿಯೂ ಉಳಿಯಿತು. ಆದರೆ ಡಾಕ್ಟರು ಹೇಳಿದ ಆ ಪದ ಮಾತ್ರ ಅರ್ಥ ಕಳಚಿಕೊಂಡು ಊರಿನಲ್ಲಿ ಓಡಾಡುತ್ತಲೇ ಇತ್ತು. ತಿಂಗಳೆರಡು ಕಳೆದಿರಬಹುದು, ಕೋರ್ಟಿಗೆ ಬಂದ ವಕೀಲರೊಬ್ಬರು ಮೇಜು ತಟ್ಟಿ ಒಳಗೆ ಕೇಳುವಂತೆ ಹೇಳಿದರು:

“ನನಗೆ ಎರಡು ನೀರುದೋಸೆ. ಗ್ಲೂಟನ್ ಸ್ವಲ್ಪ ಜಾಸ್ತಿ ಹಾಕಿ.”

ವಾರಿಜ ಒಳಗಿನಿಂದ ಇಣುಕಿ ನೋಡಿ, ಅವರ ದೋಸೆಯ ಮೇಲೆ ಒಂದು ಚಮಚ ತುಪ್ಪ ಸುರಿದು ಕಳಿಸಿದಳು. ವಕೀಲರು ತಿಂದು, ಕಣ್ಣು ಮುಚ್ಚಿ ತಲೆದೂಗಿದರು. “ಹ್ಞಾಂ, ಈಗ ಗ್ಲೂಟನ್ ಗೊತ್ತಾಗ್ತದೆ.”