ಅಂಟಕ್ಕ ಮತ್ತು ಎದುರಂಗಡಿಯ ತಮ್ಮ

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವಳಿಗಿತ್ತು. ಯಾರೂ ಬಳಸದೆ ಅದು ತುಕ್ಕು ಹಿಡಿದುಹೋಗಿತ್ತು. ಮೊಳೆ, ಬೀಗ, ಬಣ್ಣ, ಅಂಟು ಮಾರುವ ಹಾರ್ಡ್‌ವೇರ್ ಅಂಗಡಿಯ ಒಡತಿ ಬೀದಿಯ ಬಾಯಲ್ಲಿ ಅಂಟಕ್ಕ ಆಗಿಬಿಟ್ಟಿದ್ದಳು. ಗಂಡ ತೀರಿಕೊಂಡಾಗ, ಅಂಗಡಿ ಮಾರಿ ಹಾಯಾಗಿರು ಎಂದು ಬಂಧುಗಳೆಲ್ಲ ಬುದ್ಧಿ ಹೇಳಿದ್ದರು. "ಮಾರೋದೇ ಆದ್ರೆ ಅಂಗಡಿ ಒಳಗಿರೋದನ್ನ ಮಾರ್ತೀನಿ" ಎಂದು ಕೌಂಟರಿನ ಹಿಂದೆ ಕೂತವಳು ಇವತ್ತಿಗೂ ಎದ್ದಿಲ್ಲ. ಅಂಟು ಮೆತ್ತಿ, ಕೆರೆದು, ಮತ್ತೆ ಮೆತ್ತಿ ಅವಳ ಹೆಬ್ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ಕಚೇರಿಗಳ ಬೆರಳಚ್ಚು ಯಂತ್ರ ಅವಳನ್ನು ಗುರುತು ಹಿಡಿಯಲು ಒಪ್ಪುತ್ತಿರಲಿಲ್ಲ. "ಯಂತ್ರಕ್ಕೆ ಗೊತ್ತಿಲ್ದಿದ್ರೆ ಬಿಡಿ, ಬೀದಿಗೆ ಗೊತ್ತಲ್ಲ" ಎನ್ನುತ್ತಿದ್ದಳು.

ಬೀದಿಗೆ ಅವಳು ಎಷ್ಟು ಗೊತ್ತು ಎಂಬುದು ತಿಳಿದದ್ದು, ಬಸ್ ಡ್ರೈವರ್‌ನ ಮಗ ನೀರಿನ ಟ್ಯಾಂಕಿನ ಹಿಂದೆ ಪ್ರಜ್ಞೆ ತಪ್ಪಿ ಬಿದ್ದ ಮೇಲೆ. ಹುಡುಗನ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಹಿಂಡಿ ಹಿಪ್ಪೆಯಾದ ಅಂಟಿನ ಟ್ಯೂಬು. ಮತ್ತೇರಲೆಂದು ಅಂಟು ಮೂಸುವ ಚಟ ಶಾಲೆಯ ಮಕ್ಕಳಿಗೆ ಹತ್ತಿದೆ ಎಂಬ ಗುಸುಗುಸು ಮೊದಲೇ ಇತ್ತು. ಆರೋಗ್ಯ ಕೇಂದ್ರದ ನರ್ಸಮ್ಮ ಓಡಿ ಬಂದದ್ದರಿಂದ ಹುಡುಗ ಉಳಿದ. ಗುಸುಗುಸು ಉಳಿಯಲಿಲ್ಲ, ಬೊಬ್ಬೆಯಾಯಿತು.

ಭಾನುವಾರ ಬೆಳಿಗ್ಗೆ ಶಾಲೆಯ ಡ್ರಾಯಿಂಗ್ ಕೋಣೆಯಲ್ಲಿ ಸಭೆ. ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತರು. ತಮ್ಮನ್ನು 'ಬೀದಿ ಬಳಗ' ಎಂದು ಕರೆದುಕೊಂಡರು. ಹೆಸರಿಟ್ಟದ್ದೇ ತಡ, ಜಗಳ ಶುರುವಾಯಿತು. ಮನೆಯಲ್ಲಿ ಶಿಸ್ತಿಲ್ಲ ಎಂದರು ಹೆಡ್‌ಮಿಸ್. ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಹೋಗಲು ಜಾಗವೇ ಇಲ್ಲ ಎಂದರು ತಾಯಂದಿರು. ಪೊಲೀಸರು ಏನು ಮಾಡುತ್ತಿದ್ದಾರೆ ಎಂದ ಪುಸ್ತಕದಂಗಡಿಯವನು. ತಪ್ಪು ಎಲ್ಲರ ಕೈಗೂ ಬಂತು, ಯಾರ ಕೈಯಲ್ಲೂ ನಿಲ್ಲಲಿಲ್ಲ. ಕೊನೆಗೆ ಬಸ್ ಡ್ರೈವರ್ ತಲೆ ಎತ್ತದೆ ಕೇಳಿದ:

"ಆ ಟ್ಯೂಬು ಅವನಿಗೆ ಎಲ್ಲಿ ಸಿಕ್ತು?"

ಬೀದಿಯಲ್ಲಿ ಅಂಟು ಸಿಗುತ್ತಿದ್ದದ್ದು ಮೂರು ಕಡೆ: ಅಂಟಕ್ಕನಲ್ಲಿ, ಪುಸ್ತಕದಂಗಡಿಯಲ್ಲಿ, ಅಂಟಕ್ಕನ ಎದುರಿಗೇ ಇದ್ದ ಸೈಕಲ್ ಶಾಪಿನಲ್ಲಿ. ಸೈಕಲ್ ಶಾಪು ಅವಳ ಒಡಹುಟ್ಟಿದ ತಮ್ಮನದು. ಪಂಕ್ಚರ್ ಹಾಕುವ ಸೊಲ್ಯೂಷನ್ ಕೂಡ ಒಂದು ಅಂಟೇ ತಾನೇ?

ಅಂಟಕ್ಕ ಎದ್ದಳು. ಬೆಂಚೂ ಅರ್ಧ ಎದ್ದಿತು.

"ಯಾರ ಅಂಗಡೀದು ಅಂತ ಹುಡುಕ್ತಾ ಕೂತ್ರೆ ಅಷ್ಟರಲ್ಲಿ ಇನ್ನೊಬ್ಬ ಬೀಳ್ತಾನೆ. ನಾಳೆಯಿಂದ ನನ್ನಲ್ಲಿ ಮಕ್ಕಳ ಕೈಗೆ ಅಂಟು ಕೊಡಲ್ಲ. ಅಂಟಿಸೋದಿದ್ರೆ ಒಡೆದಿರೋದನ್ನ ತರ್ಲಿ. ನಾನೇ ಅಂಟಿಸಿ ಕೊಡ್ತೀನಿ, ಪುಕ್ಕಟೆ."

ಪುಸ್ತಕದಂಗಡಿಯವನು ತಲೆ ಕೆರೆದುಕೊಂಡ. "ಒಪ್ಪಿದೆ ಅಕ್ಕ. ಆದ್ರೆ ನಿಮ್ಮ ತಮ್ಮನೂ ಒಪ್ಬೇಕು. ಅಲ್ಲಿ ಸಿಗೋದಾದ್ರೆ ನಾನ್ಯಾಕೆ ಗಿರಾಕಿ ಕಳ್ಕೊಳ್ಳಲಿ? ತಿಂಗಳ ಕೊನೆ ತನಕ ನೋಡ್ತೀನಿ, ಆಮೇಲೆ ನಿಮ್ಮ ದಾರಿ ನಿಮಗೆ, ನನ್ನ ದಾರಿ ನನಗೆ."

ತಮ್ಮ ಸಭೆಗೆ ಬಂದಿರಲಿಲ್ಲ. ಭಾನುವಾರ ಅವನ ನಿದ್ದೆಯ ವಾರ. ಸೋಮವಾರ ಅಂಟಕ್ಕ ರಸ್ತೆ ದಾಟಿ ಹೋದಾಗ ಅವನು ಟೈರಿನೊಳಗೆ ಅರ್ಧ ಮುಳುಗಿದ್ದ.

"ಕೇಳೋ, ಮಕ್ಕಳು ಸೊಲ್ಯೂಷನ್ ಕೇಳಿದ್ರೆ ಚಕ್ರ ತಗೊಂಡು ಬಾ ಅನ್ನು, ಅಷ್ಟೇ."

"ಪಂಕ್ಚರ್‌ಗೆ ಅಂತಾರೆ, ಕೊಡ್ತೀನಿ. ಒಬ್ಬೊಬ್ಬರ ಮೂಗು ಮೂಸಿ ನೋಡ್ಲಾ? ನಿನ್ನ ಅಂಗಡಿಗೆ ನೀನು ಯಜಮಾನಿ ಅಕ್ಕ, ನನ್ನ ಅಂಗಡಿಗೆ ನಾನು. ಚಿಕ್ಕಂದಿನಿಂದ ನೀನು ಹೇಳಿದ್ದು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ."

"ಅದಕ್ಕೂ ಒಂದು ಪ್ಯಾಚ್ ಹಾಕ್ಕೋ" ಎಂದು ಅಂಟಕ್ಕ ವಾಪಸಾದಳು. ಮಾತಿನಲ್ಲಿ ಗೆದ್ದಿದ್ದಳು, ಕೆಲಸದಲ್ಲಿ ಸೋತಿದ್ದಳು.

ಅವಳ ಕೌಂಟರಿಗೆ ಮಾತ್ರ ಸುಗ್ಗಿ. ಕಾಲು ಮುರಿದ ಗೊಂಬೆ, ಅಟ್ಟೆ ಕಿತ್ತ ಚಪ್ಪಲಿ, ಧ್ರುವದ ಹತ್ತಿರ ಬಿರುಕು ಬಿಟ್ಟ ಭೂಗೋಳ ಎಲ್ಲ ಬಂದವು. ಬಸ್ ಡ್ರೈವರ್‌ನ ಮಗನೂ ಮೈ ಸುಧಾರಿಸಿದ ಮೇಲೆ ಒಂದು ಮರದ ಕುರ್ಚಿ ಹೊತ್ತು ತಂದ. ಅಂಟಕ್ಕ ಕಾಲು ಕೂರಿಸಿ ಕೊಟ್ಟಳು. ಮುಂದಿನ ವಾರ ಅದೇ ಕುರ್ಚಿ, ಬೇರೆ ಕಾಲು.

"ಆಂಟಿ, ಇದೂ ಮುರೀತು."

"ಅಂಟು ಮಾರಿ ಮಾರಿ ಆಂಟಿ ಆದ್ನೇನೋ! ಕುರ್ಚಿಗೆ ಎಷ್ಟು ಕಾಲು?"

"ನಾಲ್ಕು."

"ಅಂದ್ರೆ ಇನ್ನೂ ಎರಡು ಸಲ ಬರ್ತೀಯ."

ಹುಡುಗ ನೆಲ ನೋಡಿದ. ಕಾಲು ತಾನಾಗಿ ಮುರಿದದ್ದಲ್ಲ ಎಂಬುದು ಮುರಿದ ಜಾಗ ನೋಡಿದರೇ ಗೊತ್ತಾಗುತ್ತಿತ್ತು. ಅವನಿಗೆ ಅಂಟು ಬೇಕಿರಲಿಲ್ಲ. ಬೇಕಿದ್ದದ್ದು ಶಾಲೆ ಬಿಟ್ಟ ಮೇಲೆ ಕೂರುವ ಜಾಗ. ಅಂಟಕ್ಕ ಬೈಯಲಿಲ್ಲ. ಒಂದು ಮರಳು ಕಾಗದ ಕೈಗಿತ್ತು, "ಮೊದಲು ಇದ್ರಲ್ಲಿ ಕುರ್ಚಿ ತಿಕ್ಕು, ಆಮೇಲೆ ಕಾಲಿನ ವಿಚಾರ" ಎಂದಳು. ಅವನು ಕತ್ತಲಾಗುವ ತನಕ ತಿಕ್ಕಿದ. ಮರುದಿನ ಏನನ್ನೂ ಮುರಿಯದೆಯೇ ಬಂದ.

ಆದರೆ ಎದುರಿಗೆ ಸೊಲ್ಯೂಷನ್ ಖರ್ಚಾಗುತ್ತಲೇ ಇತ್ತು. ಸೈಕಲ್ಲೇ ಇಲ್ಲದ ಹುಡುಗರು ಟ್ಯೂಬು ಜೇಬಿಗಿಳಿಸಿ ಟ್ಯಾಂಕಿನ ಕಡೆ ತಿರುಗುವುದು ಅಂಟಕ್ಕನ ಕೌಂಟರಿಗೆ ಕಾಣುತ್ತಿತ್ತು. ತಿಂಗಳು ಮುಗಿಯುತ್ತ ಬಂದಿತ್ತು. ತಮ್ಮ ಹೀಗೇ ಉಳಿದರೆ ಪುಸ್ತಕದಂಗಡಿ ಜಾರುತ್ತದೆ, ಬಳಗವೂ ಕಳಚಿಕೊಳ್ಳುತ್ತದೆ. ತಮ್ಮನ ಶಾಪಿನ ಮುಂದೆ ಗಿರಾಕಿಗಳು ಕೂರುವ ಉದ್ದನೆಯ ಬೆಂಚೊಂದು ಖಾಲಿ ಬಿದ್ದಿತ್ತು. ಅದನ್ನೇ ನೋಡುತ್ತಿದ್ದ ಅಂಟಕ್ಕನಿಗೆ ತಟ್ಟನೆ ಉಪಾಯ ಹೊಳೆಯಿತು.

ಮರುದಿನ ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ನರ್ಸಮ್ಮ ಸೈಕಲ್ ತಂದು ನಿಲ್ಲಿಸಿದರು. "ಬ್ರೇಕ್ ನೋಡಪ್ಪ, ಅವಸರ ಇಲ್ಲ" ಎಂದು ಬೆಂಚಿನ ಮೇಲೆ ಕೂತು ಸ್ವೆಟರ್ ಹೆಣೆಯತೊಡಗಿದರು. ಅದರ ಮರುದಿನ ಇಬ್ಬರು ತಾಯಂದಿರು. ಯಾರೂ ಅಂಟಿನ ಸುದ್ದಿ ಎತ್ತಲಿಲ್ಲ. ಸುಮ್ಮನೆ ಕೂತರು, ಚಹಾ ಕುಡಿದರು. ಸೊಲ್ಯೂಷನ್ ಕೇಳಲು ಬಂದ ಹುಡುಗರು ನರ್ಸಮ್ಮನನ್ನು ಕಂಡು, ಗಾಳಿ ಹಾಕುವ ಪಂಪನ್ನು ಭಕ್ತಿಯಿಂದ ನೋಡಿ ಮುಂದೆ ಹೋದರು.

ಗುರುವಾರ ಹೆಡ್‌ಮಿಸ್ ಬಂದರು. ಅವರಿಗೆ ಸೈಕಲ್ ಇರಲಿಲ್ಲ. ಮೊಮ್ಮಗುವಿನ ಮೂರು ಚಕ್ರದ ಗಾಡಿಯನ್ನು ಕಂಕುಳಲ್ಲಿ ಇರುಕಿಕೊಂಡು ತಂದಿದ್ದರು.

"ಪಂಕ್ಚರ್ ಆಗಿದೆ ಅನ್ಸತ್ತಪ್ಪ."

"ಮಿಸ್, ಇದು ಪ್ಲಾಸ್ಟಿಕ್ ಚಕ್ರ. ಒಳಗೆ ಟ್ಯೂಬೇ ಇಲ್ಲ."

"ಹೌದಾ? ನಿಧಾನವಾಗಿ ನೋಡು, ನಾನು ಕೂತಿರ್ತೀನಿ."

ಒಂದು ಕಾಲದಲ್ಲಿ ಇದೇ ಹೆಡ್‌ಮಿಸ್ ಅವನಿಗೆ ಮಗ್ಗಿ ಕಲಿಸಿದವರು. ಅವರು ಕೂತಿರುವಷ್ಟು ಹೊತ್ತೂ ಅವನು ಸ್ಪ್ಯಾನರ್ ಹಿಡಿದು ವಿದ್ಯಾರ್ಥಿಯಂತೆ ನಿಂತೇ ಇದ್ದ. ರಸ್ತೆಯ ಈಚೆ ಬದಿಯಲ್ಲಿ ಅಂಟಕ್ಕ ಬಣ್ಣದ ಡಬ್ಬಗಳ ಹಿಂದೆ ತಲೆ ತಗ್ಗಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಶುಕ್ರವಾರ ಬಸ್ ಡ್ರೈವರ್ ರಜೆ ಹಾಕಿ ಬಂದು ಕೂತ. ಅಂಟಕ್ಕ ನಗಲಿಲ್ಲ. ಅವನು ತಮ್ಮನ ಜೊತೆ ಏನೋ ಎರಡು ಮಾತಾಡಿದ್ದು ಕಂಡಿತು, ಕೇಳಿಸಲಿಲ್ಲ. ಅವನು ಹೋದ ಮೇಲೆ ತಮ್ಮ ರಸ್ತೆ ದಾಟಿ ಬಂದು ಅಕ್ಕನ ಕೌಂಟರಿಗೆ ಒರಗಿ ನಿಂತ.

"ನಿನ್ನ ಸೈನ್ಯ ವಾಪಸ್ ಕರ್ಕೋ ಅಕ್ಕ."

"ಸೈನ್ಯ ಎಲ್ಲಿಂದ ಬಂತೋ? ಗಿರಾಕಿಗಳು."

ತಮ್ಮ ನಗಲಿಲ್ಲ. "ಡ್ರೈವರ್ ಏನಂದ ಗೊತ್ತಾ? 'ಅವತ್ತಿನ ಟ್ಯೂಬು ನಿನ್ನ ಅಂಗಡೀದಾ ಅಂತ ನಾನು ಕೇಳ್ತಿಲ್ಲಪ್ಪ' ಅಂದ. ಕೇಳಿದ್ರೆ ಜಗಳ ಆಡ್ತಿದ್ದೆ. ಕೇಳ್ತಿಲ್ಲ ಅಂದ್ರೆ ಏನು ಮಾಡ್ಲಿ?"

ಅಂಟಕ್ಕ ಗೆರೆಯಿಲ್ಲದ ಹೆಬ್ಬೆರಳಿನಿಂದ ಅವನ ಕೆನ್ನೆಯ ಮೇಲಿದ್ದ ಗ್ರೀಸನ್ನು ಒರೆಸಿದಳು.

ತಿಂಗಳ ಕೊನೆಯ ಭಾನುವಾರ ತಮ್ಮ ನಿದ್ದೆ ಬಿಟ್ಟು ಸಭೆಗೆ ಬಂದ. ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂತ. ಎಲ್ಲರ ಕಣ್ಣೂ ಅವನ ಮೇಲೆ. ಅವನು ಗಂಟಲು ಸರಿ ಮಾಡಿಕೊಂಡ.

"ನಿನ್ನೆ ಒಬ್ಬ ಸೊಲ್ಯೂಷನ್ ಕೇಳ್ದ. ಚಕ್ರ ತಗೊಂಡು ಬಾ ಅಂದೆ."

"ತಂದ್ನಾ?" ಎಂದ ಪುಸ್ತಕದಂಗಡಿಯವನು.

"ಎಲ್ಲಿಂದಲೋ ತಂದ. ಪಂಕ್ಚರೇ ಆಗಿರ್ಲಿಲ್ಲ. ಗಾಳಿ ಹಾಕಿ ಕಳಿಸ್ದೆ. ಸೋಮವಾರದಿಂದ ಬಾ, ಪ್ಯಾಚ್ ಹಾಕೋದು ಕಲಿಸ್ತೀನಿ ಅಂದಿದೀನಿ."

ಪುಸ್ತಕದಂಗಡಿಯವನು ನಿಟ್ಟುಸಿರು ಬಿಟ್ಟ. "ಹಾಗಾದ್ರೆ ನಾನೂ ಮಕ್ಕಳಿಗೆ ಅಂಟು ಕೊಡಲ್ಲ ಅಂತ ಬೋರ್ಡ್ ಹಾಕ್ತೀನಿ. ಆದ್ರೆ ಹರಿದಿರೋ ಪುಸ್ತಕ ಎಲ್ಲ ನಾನೇ ಅಂಟಿಸ್ಬೇಕಾ?"

"ನೀವೇ. ಅಷ್ಟಾದ್ರೂ ಪುಸ್ತಕ ಬಿಚ್ಚಿ ನೋಡಿದ ಹಾಗಾಗತ್ತೆ" ಎಂದರು ಹೆಡ್‌ಮಿಸ್. ಕೋಣೆ ಗೊಳ್ಳೆಂದಿತು.

ಅಷ್ಟರಲ್ಲಿ ಬಸ್ ಡ್ರೈವರ್‌ನ ಮಗ ಕುರ್ಚಿ ಹೊತ್ತು ಒಳಗೆ ಬಂದ. ಉಜ್ಜಿ, ಬಣ್ಣ ಬಳಿದು ಥಳಥಳ ಮಾಡಿದ್ದ. ಅಂಟಕ್ಕನ ಬೆಂಚಿನ ಪಕ್ಕದಲ್ಲಿಟ್ಟ. "ನಿಮಗೇ ಆಂಟಿ. ಮಂಡಿ ನೋವು ಅಂತಿದ್ರಲ್ಲ."

ಅಂಟಕ್ಕ ಅದರ ನಾಲ್ಕೂ ಕಾಲನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದಳು. ಒಂದೂ ಮಿಸುಕಲಿಲ್ಲ. ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಇಡೀ ಬಳಗದ ಎದುರು ಕೂತಳು. ಹಿಂದಿನ ಬೆಂಚಿನಿಂದ ತಮ್ಮ ಪಕ್ಕದವನಿಗೆ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು:

"ನಮ್ಮಕ್ಕ."